ಹೇರಿನ ಹಿಂದೊಂದು ದೀಪ

ಲೋಕಸಭೆಯಲ್ಲಿ ನಾನು ಕೇಳಿದ ಆ ಪ್ರಶ್ನೆಗೆ ಬಂದ ಲಿಖಿತ ಉತ್ತರ ಎರಡೇ ಸಾಲಿನದು. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿಗೆ ದೀಪವಿಲ್ಲದೆ ಜನ ಸಾಯುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು (ಅ) ಭಾಗದಲ್ಲಿ ಕೇಳಿದ್ದೆ. ಬಂದಿದ್ದರೆ ಅದರ ವಿವರವೇನು, ಕೈಗೊಂಡ ಕ್ರಮವೇನು ಎಂಬುದು (ಆ) ಮತ್ತು (ಇ). ಉತ್ತರ ಹೀಗಿತ್ತು: (ಅ) ರಾಜ್ಯಗಳಿಂದ ಅಂಥ ಪ್ರತ್ಯೇಕ ಮಾಹಿತಿ ಬಂದಿಲ್ಲ. (ಆ) ಮತ್ತು (ಇ) ಪ್ರಶ್ನೆ ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲ ಎಂಬ ಮಾತನ್ನು ಕುಲಗೋಡದ ಆ ಹೆಣ್ಣುಮಗಳಿಗೆ ಯಾವ ಬಾಯಿಯಿಂದ ಹೇಳುವುದು?

ಆಕೆ ಗೋಕಾಕದ ನನ್ನ ಕಚೇರಿಗೆ ಬಂದದ್ದು ಕಬ್ಬಿನ ಹಂಗಾಮು ಶುರುವಾದ ಹೊಸದರಲ್ಲಿ. ಗಂಡ ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅಂಗಡಿ ಮುಚ್ಚಿಕೊಂಡು ಸಂಜೆ ಬೈಕಿನಲ್ಲಿ ಊರಿಗೆ ಬರುವಾಗ, ಅಚ್ಚು ಮುರಿದದ್ದಕ್ಕೆ ರಸ್ತೆಯ ಅಂಚಿನಲ್ಲೇ ಬಿಟ್ಟುಹೋಗಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೊಡೆದು ಸತ್ತಿದ್ದ. ಎದುರಿನಿಂದ ಬಸ್ಸು ಬಂದಿತ್ತು. ಅದರ ಬೆಳಕಿಗೆ ಮುಂದಿನದು ಏನೂ ಕಂಡಿರಲಿಲ್ಲ.

ಜನ ನನ್ನ ಕಚೇರಿಗೆ ಸಾಮಾನ್ಯವಾಗಿ ಅರ್ಜಿ ಹಿಡಿದು ಬರುತ್ತಾರೆ. ಆಕೆಯ ಕೈಯಲ್ಲಿ ಏನೂ ಇರಲಿಲ್ಲ. ಜೊತೆಗೆ ಮೈದುನ ಬಂದಿದ್ದ, ಅವನು ಬಾಗಿಲಲ್ಲೇ ನಿಂತ.

“ಅಕ್ಕಾರ, ಪರಿಹಾರದ ಕೇಸ್ ವಕೀಲ್ರು ನೋಡಾಕತ್ತಾರ್ರಿ. ನಾ ಅದಕ್ಕ ಬಂದಿಲ್ಲ,” ಎಂದಳು. “ಪೊಲೀಸರು ನನ್ನ ಗಂಡಂದ ತಪ್ಪು ಅಂತ ಬರದಾರ್ರಿ. ನಿಂತ ಗಾಡಿಗೆ ಜೋರಾಗಿ ಬಂದು ಹೊಡದಾನ ಅಂತ. ಕಂಡಿದ್ರ ಯಾರರ ಹೊಡಿತಾರೇನ್ರಿ?”

ನಾನು ಕುರ್ಚಿ ತೋರಿಸಿದೆ. ಆಕೆ ಕೂರಲಿಲ್ಲ.

“ನೀವು ದಿಲ್ಲ್ಯಾಗ ಮಾತಾಡ್ತೀರಿ, ಟಿವ್ಯಾಗ ನೋಡೀನ್ರಿ. ಇದನ್ನ ಮಾತಾಡ್ರಿ. ದೀಪ ಇಲ್ಲದ ಬಿಟ್ಟು ಹೋದಾವ್ನ ಜೇಲಿಗೆ ಹಾಕಸ್ರಿ.”

ಮಾತಾಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಸಂಸತ್ತಿನಲ್ಲಿ ಮಾತಾಡುವುದೆಂದರೆ ಎದ್ದು ನಿಂತು ಬಾಯಿ ತೆರೆಯುವುದಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ ಎಂದೇ ಹೇಳಬೇಕು.

ಲಿಖಿತ ಉತ್ತರ ಕೈಸೇರಿದ ಮೇಲೆ ರಸ್ತೆ ಸಾರಿಗೆ ಸಚಿವಾಲಯಕ್ಕೆ ಹೋಗಿ, ವಿಷಯಕ್ಕೆ ಸಂಬಂಧಪಟ್ಟ ಹಿರಿಯ ಅಧಿಕಾರಿಯನ್ನು ಕಂಡೆ. ಸೌಮ್ಯ ಮನುಷ್ಯ. ಚಹಾ ತರಿಸಿದರು. “ಮೇಡಂ, ಅಪಘಾತದ ವರದಿಯಲ್ಲಿ ಟ್ರ್ಯಾಕ್ಟರ್ ಎಂಬುದು ಒಂದೇ ವರ್ಗ. ಹಿಂದೆ ಟ್ರೇಲರ್ ಇತ್ತೇ, ಅದರಲ್ಲಿ ಕಬ್ಬಿತ್ತೇ, ದೀಪವಿತ್ತೇ ಎಂದು ಬರೆಯುವ ಜಾಗವೇ ಇಲ್ಲ. ಇನ್ನು ದೀಪ ಇರಬೇಕೆಂಬ ನಿಯಮ ಈಗಲೇ ಇದೆ. ಪಾಲಿಸುವಂತೆ ನೋಡಿಕೊಳ್ಳುವುದು ರಾಜ್ಯದ ಕೆಲಸ,” ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಉಳಿದದ್ದು ಶೂನ್ಯ ವೇಳೆ. ಅಂದರೆ ಪ್ರಶ್ನೋತ್ತರ ಮುಗಿದ ಮೇಲೆ ಸದಸ್ಯರು ತಮ್ಮ ತುರ್ತು ವಿಷಯ ಎತ್ತುವ ಅವಕಾಶ. ಅದಕ್ಕೆ ಆಯಾ ದಿನ ಬೆಳಗ್ಗೆಯೇ ಸೂಚನೆ ಕೊಡಬೇಕು. ಬಂದ ಸೂಚನೆಗಳಲ್ಲಿ ಚೀಟಿ ಎತ್ತಿ ಆರಿಸುತ್ತಾರೆ. ನಾನು ದಿನವೂ ಕೊಟ್ಟೆ, ದಿನವೂ ನನ್ನ ಹೆಸರು ಏಳಲಿಲ್ಲ. ಕೊನೆಗೊಂದು ದಿನ ಎದ್ದಿತು. ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತ ಸದನದಲ್ಲಿ ಕೂತೆ. ನನಗಿಂತ ಮುಂದಿನವರು ಮಾತು ಶುರುಮಾಡುವ ಮೊದಲೇ ಯಾವುದೋ ಬೇರೆ ವಿಷಯಕ್ಕೆ ಎರಡೂ ಕಡೆಯವರು ಎದ್ದು ನಿಂತರು, ಗದ್ದಲ ಏರಿತು, ಸದನವನ್ನು ಮುಂದೂಡಿದರು. ಮರುದಿನದಿಂದ ಮತ್ತೆ ಚೀಟಿ. ಅಷ್ಟರಲ್ಲಿ ಚಳಿಗಾಲದ ಅಧಿವೇಶನ ಮುಗಿದೇಹೋಯಿತು.

ಊರಿಗೆ ಬಂದವಳು ಮೊದಲು ಆ ರಸ್ತೆಯನ್ನು ನೋಡಬೇಕೆಂದುಕೊಂಡೆ. ಹಾಗೆ ನೋಡಿದರೆ ಅದೆಷ್ಟೋ ಸಲ ಅಲ್ಲಿ ಓಡಾಡಿದವಳೇ ನಾನು. ಆದರೆ ಕಾರಿನಲ್ಲಿ. ಕಾರಿನ ದೀಪ ಎತ್ತರ, ಬೆಳಕೂ ಹೆಚ್ಚು. ಹೊತ್ತು ಮುಳುಗಿದ ಮೇಲೆ ಆಕೆಯ ಮೈದುನನ ಬೈಕಿನ ಹಿಂದೆ ಕೂತು ಮೂಡಲಗಿಯಿಂದ ಕುಲಗೋಡಕ್ಕೆ ಹೊರಟೆ. ನಮ್ಮ ಕಾರು ಬಹಳ ಹಿಂದಿರಲಿ, ಅದರ ಬೆಳಕು ನಮ್ಮ ಮುಂದೆ ಬೀಳಬಾರದು ಎಂದು ಚಾಲಕನಿಗೆ ಹೇಳಿದ್ದೆ.

ಸ್ವಲ್ಪ ದೂರ ಹೋದ ಮೇಲೆ ಎದುರಿನಿಂದ ಲಾರಿ ಬಂತು. ಕಣ್ಣೆಲ್ಲ ಬೆಳ್ಳಗಾಯಿತು. ಅದು ದಾಟಿಹೋದ ಮೇಲೆ ಎಲ್ಲ ಕಪ್ಪು. ಆ ಕಪ್ಪಿನೊಳಗೆ ಇನ್ನೊಂದು ಕಪ್ಪು ಇತ್ತು. ಹುಡುಗ ಬ್ರೇಕ್ ಒತ್ತಿದಾಗ ನನ್ನ ಹಣೆ ಅವನ ಬೆನ್ನಿಗೆ ಬಡಿಯಿತು. ಕಬ್ಬಿನ ತುದಿಗಳು ನಮ್ಮ ಮುಖದ ಮುಂದೆ ತೂಗಾಡುತ್ತಿದ್ದವು. ಟ್ರೇಲರ್ ನಿಂತಿರಲಿಲ್ಲ, ಚಲಿಸುತ್ತಿತ್ತು. ಒಂದರ ಹಿಂದೊಂದು ಎರಡು ಟ್ರೇಲರ್, ಮುಂದೆಲ್ಲೋ ಟ್ರ್ಯಾಕ್ಟರಿನಲ್ಲಿ ಜೋರಾಗಿ ಹಾಡು.

“ಗೊತ್ತಿದ್ದು ಬಂದ್ರೂ ಹಿಂಗ ಆಕ್ಕೈತ್ರಿ,” ಎಂದ ಆ ಹುಡುಗ.

ಆ ಸಂಜೆ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ದಂಡ ಹೆಚ್ಚಬೇಕು, ಜೈಲಾಗಬೇಕು. ಬಜೆಟ್ ಅಧಿವೇಶನದಲ್ಲಿ ಅದನ್ನೇ ಕೇಳುವುದೆಂದು ತೀರ್ಮಾನಿಸಿದೆ. ಅದಕ್ಕೆ ಮೊದಲು ಕಲ್ಲೋಳಿಯಲ್ಲಿ ಬೆಳೆಗಾರರ, ಟ್ರ್ಯಾಕ್ಟರ್ ಮಾಲೀಕರ ಸಭೆ ಕರೆದೆ. ಬೆನ್ನ ಹಿಂದೆ ಮಾಡಿದರೆಂದು ಯಾರೂ ಅನ್ನಬಾರದಲ್ಲ.

ಸಭೆಗೆ ಬಂದ ನಮ್ಮ ಪಕ್ಷದ ಹಿರಿಯ ಮುಖಂಡರೊಬ್ಬರು ಒಳಗೆ ಹೋಗುವ ಮೊದಲೇ ನನ್ನನ್ನು ಬಾಜೂಕ್ಕೆ ಕರೆದರು. ಅವರ ಮನೆಯ ಟ್ರ್ಯಾಕ್ಟರುಗಳೂ ಕಾರ್ಖಾನೆಗೆ ಕಬ್ಬು ಹೊಡೆಯುತ್ತವೆ.

“ತಂಗಿ, ನೀ ಹೇಳೋದು ಖರೆ ಐತಿ. ಆದ್ರ ಈಗ ಬ್ಯಾಡ. ನಮ್ಮ ಕಡೆ ಟ್ರ್ಯಾಕ್ಟರ್ ಇಲ್ಲದ ಮನಿ ಯಾವ್ದೈತಿ ಹೇಳು?”

“ಬೈಕ್ ಇಲ್ಲದ ಮನಿ ಯಾವ್ದೈತಿ ಹೇಳ್ರಿ ಅಣ್ಣಾರ,” ಎಂದೆ.

ಅವರು ನಕ್ಕರು. ಆದರೆ ಸಭೆ ಮುಗಿಯುವವರೆಗೂ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

ಒಳಗೆ ನಾನು ದಂಡದ ಮಾತೆತ್ತಿದ್ದೇ ತಡ, ಕುರ್ಚಿಗಳು ಸರಿದ ಸದ್ದಾಯಿತು. “ನಮ್ಮ ಓಟು ತಗೊಂಡು ನಮ್ಮ ಮ್ಯಾಲೆ ಕಾಯ್ದೆ ತರ್ತೀರೇನ್ರಿ?” ಎಂದು ಹಿಂದಿನಿಂದ ಒಬ್ಬರು ಕೂಗಿದರು. ಇನ್ನೊಬ್ಬರು ಎದ್ದು ಹೊರಟರು. ಅಂಕಲಗಿಯಿಂದ ಬಂದಿದ್ದ ಒಬ್ಬ ಮಾಲೀಕ, ತಾನೇ ಟ್ರ್ಯಾಕ್ಟರ್ ಹೊಡೆಯುವವನು, ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಮುಂದೆ ಬಂದು ನಿಂತ.

“ಅಕ್ಕಾರ, ದಂಡ ಹಾಕ್ಸೋದು ಸಸಾರ ಐತ್ರಿ. ಒಂದೀಟು ಹೊರಗ ಬರ್ರಿ.”

ಹೊರಗೆ ಕಬ್ಬಿನ ಹೇರು ತುಂಬಿದ ಅವನ ಟ್ರೇಲರ್ ನಿಂತಿತ್ತು. ಹಿಂಬದಿಗೆ ಕರೆದುಕೊಂಡು ಹೋಗಿ ಬಗ್ಗಿ ನೋಡಲು ಹೇಳಿದ. ದೀಪ ಇತ್ತು, ಒಂದಲ್ಲ ಎರಡು. ಕೆಳಗಿನ ಕಬ್ಬಿಣದ ಪಟ್ಟಿಗೆ ಕೂರಿಸಿದ್ದರು. ಅದರಾಚೆಗೆ ತೋಳಿನುದ್ದ ಕಬ್ಬು ಚಾಚಿಕೊಂಡು ದೀಪವನ್ನು ಪೂರ್ತಿ ಮುಚ್ಚಿತ್ತು. “ಉರದ್ರೂ ಕಾಣೂದಿಲ್ರಿ,” ಎಂದ. ಆಮೇಲೆ ತಂತಿ ತೋರಿಸಿದ. ಟ್ರ್ಯಾಕ್ಟರಿನಿಂದ ಮೊದಲ ಟ್ರೇಲರಿಗೆ, ಅಲ್ಲಿಂದ ಎರಡನೆಯದಕ್ಕೆ. ಕಾರ್ಖಾನೆಯ ಅಂಗಳದಲ್ಲಿ ಟ್ರೇಲರ್ ಬಿಚ್ಚಿ ಜೋಡಿಸುವಾಗ ಪ್ರತಿಸಲವೂ ಅದು ಹರಿಯುತ್ತದೆ. ಗದ್ದೆಯಿಂದ ರಸ್ತೆಗೆ ಹತ್ತುವಾಗ ಕಬ್ಬಿಗೆ ಸಿಕ್ಕಿ ಹರಿಯುತ್ತದೆ. ಇನ್ನು ದಾರಿಯಲ್ಲಿ ಮುರಿದ ಟ್ರೇಲರನ್ನು ಬಿಟ್ಟು ಟ್ರ್ಯಾಕ್ಟರ್ ಹೋದರೆ ದೀಪಕ್ಕೆ ಕರೆಂಟೇ ಇಲ್ಲ.

“ನಾ ಎರಡ ಸಲ ಹೊಸಾದು ಹಾಕ್ಸೀನ್ರಿ. ಈಗ ನನಗ ದಂಡ ಹಾಕ್ರಿ, ಕಟ್ತೇನಿ. ನಾಳೆ ಮತ್ತ ದೀಪ ಕಾಣೂದಿಲ್ಲ. ಮತ್ತೊಬ್ಬ ಬಂದು ಹೊಡಿತಾನ. ಏನ್ ಬಂತ್ರಿ?”

ನಿಯಮದಲ್ಲಿ ಟ್ರೇಲರಿಗೆ ದೀಪವಿತ್ತು, ಹೇರಿಗೆ ಇರಲಿಲ್ಲ. ರಸ್ತೆಯಲ್ಲಿ ಹಿಂದಿನಿಂದ ಬರುವವನಿಗೆ ಕಾಣುವುದು ಹೇರು. ಅಷ್ಟು ಸರಳ ಸಂಗತಿ ಸಚಿವಾಲಯದಲ್ಲಿ ಕೂತಾಗ ನನಗೆ ಹೊಳೆದಿರಲಿಲ್ಲ, ಆ ಅಧಿಕಾರಿಗೂ ಹೊಳೆದಿರಲಿಲ್ಲ.

ನಾನು ಪಟ್ಟು ಬದಲಿಸಿದ್ದು ಅಲ್ಲಿ, ಆ ಟ್ರೇಲರಿನ ಹಿಂದೆ ಬಗ್ಗಿ ನಿಂತಾಗ. ಶಿಕ್ಷೆಯ ಬೇಡಿಕೆಯನ್ನು ಸದ್ಯಕ್ಕೆ ಬದಿಗಿಡುವುದು. ಹೇರಿನ ತುದಿಗೇ ತೂಗುಹಾಕುವ, ತನ್ನದೇ ಬ್ಯಾಟರಿ ಇರುವ ದೀಪದ ಹಲಗೆಯೊಂದು ಪ್ರತಿ ಟ್ರೇಲರಿನ ಜೊತೆಗೇ ಮಾರಾಟವಾಗಬೇಕು. ಅದು ಉರಿಯುತ್ತಿದೆಯೇ ಎಂದು ಕಾರ್ಖಾನೆ ತನ್ನ ಗೇಟಿನಲ್ಲಿ ನೋಡಿಯೇ ಗಾಡಿಯನ್ನು ಹೊರಗೆ ಬಿಡಬೇಕು. ಕೇಳುವುದಾದರೆ ಇದನ್ನು ಕೇಳುವುದು.

ಕೇಳುವ ಮೊದಲು ಅಂಥದ್ದೊಂದು ಇರಬಲ್ಲದೆಂದು ತೋರಿಸಬೇಕಿತ್ತು. ಕಲ್ಲೋಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಮೊದಲ ಹಲಗೆ ಮಾಡಿಸಿದೆವು: ಕಬ್ಬಿಣದ ಚೌಕಟ್ಟು, ಎರಡು ಕೆಂಪು ದೀಪ, ನಡುವೆ ಹೊಳೆಯುವ ಪಟ್ಟಿ, ಮೇಲೆ ಎರಡು ಕೊಕ್ಕೆ. ಒಂದು ಗಾಡಿಗೆ ಕಟ್ಟಿ ಕಳಿಸಿದರೆ, ಅದು ಹುಕ್ಕೇರಿ ದಾರಿಯ ಮೊದಲ ಉಬ್ಬಿನಲ್ಲೇ ಕಳಚಿ ಬಿದ್ದು ಹಿಂದಿನ ಗಾಡಿಯ ಗಾಲಿಗೆ ಸಿಕ್ಕಿತು. ಎರಡನೆಯದಕ್ಕೆ ಕೊಕ್ಕೆ ತೆಗೆದು, ಹೇರು ಬಿಗಿಯುವ ಹಗ್ಗವೇ ತೂರಿಹೋಗುವಂತೆ ಬಳೆ ಕೂರಿಸಿದರು. ಅದು ನಿಂತಿತು. ಆದರೆ ಒಂದು ವಾರದಲ್ಲಿ ಬ್ಯಾಟರಿಯನ್ನು ಯಾರೋ ಬಿಚ್ಚಿಕೊಂಡು ಹೋದರು. ಮೂರನೆಯದರಲ್ಲಿ ಬ್ಯಾಟರಿಯನ್ನು ಚೌಕಟ್ಟಿನ ಒಳಗಿಟ್ಟು, ಚಾರ್ಜ್ ಮಾಡಲು ಒಂದು ತೂತು ಮಾತ್ರ ಬಿಟ್ಟು ಬೆಸುಗೆ ಹಾಕಿದರು. ಹುಕ್ಕೇರಿ ಕಡೆಯ ಒಂದು ಕಾರ್ಖಾನೆಯ ವ್ಯವಸ್ಥಾಪಕರು ಹಂಗಾಮಿನ ಕೊನೆಯವರೆಗೆ ಕೆಲವು ಗಾಡಿಗಳಿಗೆ ಕಟ್ಟಿ ನೋಡಲು ಒಪ್ಪಿದರು. ಅಂಕಲಗಿಯ ಆ ಮಾಲೀಕ ಮೊದಲನೆಯವನಾಗಿ ಕಟ್ಟಿಸಿಕೊಂಡ. ಅವನ ಗೆಳೆಯರು ಅವನನ್ನು ಚೇಷ್ಟೆ ಮಾಡಿದರೆಂದು ಆಮೇಲೆ ತಿಳಿಯಿತು. ಅವನು ಹಲಗೆ ಬಿಚ್ಚಲಿಲ್ಲ.

ದಿಲ್ಲಿಗೆ ಹೊರಡುವ ಮೊದಲು ಕುಲಗೋಡಕ್ಕೆ ಹೋದೆ. ಶಿಕ್ಷೆಯ ಮಾತನ್ನು ಈಗ ಎತ್ತುವುದಿಲ್ಲ ಎಂಬುದನ್ನು ಆಕೆಗೆ ನಾನೇ ಹೇಳಬೇಕಿತ್ತು. ಅತ್ತೆ ಚಹಾ ಕೊಟ್ಟು ಒಳಗೆ ಹೋದರು. ಆಕೆ ಗೋಡೆಗೊರಗಿ ಕೂತು ಪೂರ್ತಿ ಕೇಳಿಸಿಕೊಂಡಳು.

“ಹಂಗಾದ್ರ ನನ್ನ ಗಂಡನ್ನ ಕೊಂದಾವ್ರಿಗೆ ಏನೂ ಇಲ್ಲೇನ್ರಿ?”

“ಈಗ ಎರಡೂ ಕೇಳಿದ್ರ ಎರಡೂ ಆಗೂದಿಲ್ಲವ್ವ. ಮಂದಿ ಪೂರಾ ತಿರುಗಿ ಬೀಳ್ತಾರ. ಮೊದಲ ದೀಪ ಆಗ್ಲಿ.”

“ದೀಪ ಮುಂದ ಸಾಯೋರಿಗೆ ಆತ್ರಿ. ಸತ್ತಾವ್ರಿಗೆ?”

ಸತ್ತವರಿಗೆ ಇದರಲ್ಲಿ ಏನೂ ಇಲ್ಲವೆಂದೇ ಹೇಳಿದೆ. ಆಕೆ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. ಕಾರಿನಲ್ಲಿ ಕೂತ ಮೇಲೂ ಆಕೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆದರೂ ನಿರ್ಧಾರ ಬದಲಿಸಲಿಲ್ಲ. ನಾನು ತಪ್ಪು ಮಾಡುತ್ತಿರಬಹುದು ಎಂಬ ಅಳುಕಿನೊಡನೆಯೇ ಕೆಲವು ಕೆಲಸಗಳನ್ನು ಮಾಡಿ ಮುಗಿಸಬೇಕಾಗುತ್ತದೆ.

ಬಜೆಟ್ ಅಧಿವೇಶನದಲ್ಲಿ ರಸ್ತೆ ಸಾರಿಗೆ ಇಲಾಖೆಯ ಅನುದಾನದ ಮೇಲೆ ಚರ್ಚೆ ಬಂತು. ಪಕ್ಷಕ್ಕೆ ಸಿಕ್ಕ ಸಮಯವನ್ನು ಸದಸ್ಯರಿಗೆ ಹಂಚುವವರು ಸಚೇತಕರು. ನನಗೆ ಕೆಲವೇ ನಿಮಿಷ ಕೊಟ್ಟು, ಜೊತೆಗೆ ಒಂದು ಟಿಪ್ಪಣಿಯನ್ನೂ ಕೊಟ್ಟರು. ಹೆದ್ದಾರಿಗಳ ಬಗ್ಗೆ ಪಕ್ಷದ ನಿಲುವು ಅದರಲ್ಲಿತ್ತು. ನಾನು ಟ್ರೇಲರಿನ ದೀಪದ ಬಗ್ಗೆ ಮಾತ್ರ ಮಾತಾಡುತ್ತೇನೆ ಎಂದೆ.

“ಇಷ್ಟು ದೊಡ್ಡ ಚರ್ಚೆಯಲ್ಲಿ ಟ್ರ್ಯಾಕ್ಟರ್ ದೀಪವೇ? ಕೊನೆಗೆ ಒಂದು ವಾಕ್ಯ ಸೇರಿಸಿ, ಸಾಕು.”

“ಒಂದು ವಾಕ್ಯ ಸೇರಿಸಿದರೆ ಅದು ಒಂದು ವಾಕ್ಯವಾಗಿಯೇ ಉಳಿಯುತ್ತದೆ, ಸರ್. ನನಗೆ ಕೊಟ್ಟ ಸಮಯ ಇದೊಂದಕ್ಕೇ ಬೇಕು.”

ಅವರು ಟಿಪ್ಪಣಿ ವಾಪಸು ತೆಗೆದುಕೊಂಡು ಬೇರೊಬ್ಬರಿಗೆ ಕೊಟ್ಟರು. ನನ್ನ ಸಮಯದಲ್ಲೂ ಸ್ವಲ್ಪ ಕಡಿತವಾಯಿತು.

ಕ್ಯಾಂಟೀನಿನಲ್ಲಿ ಎದುರಿಗೆ ಕೂತಿದ್ದ ಮಹಾರಾಷ್ಟ್ರದ ಹಿರಿಯ ಸದಸ್ಯರೊಬ್ಬರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಎದುರು ಪಕ್ಷದವರು, ಅವರದೂ ಕಬ್ಬಿನ ಸೀಮೆ. ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಭಾಷಣ ಚೆನ್ನಾಗಿ ಮಾಡುವುದು ಮುಖ್ಯವಲ್ಲ. ಮಂತ್ರಿಯ ಬಾಯಿಂದ ‘ಪರಿಶೀಲಿಸುತ್ತೇನೆ’ ಎಂಬ ಮಾತು ಬರಬೇಕು. ಸದನದಲ್ಲಿ ಆ ಮಾತು ಆಡಿದರೆ ಅದು ಭರವಸೆ. ಭರವಸೆಗಳನ್ನು ಹಿಂಬಾಲಿಸಲು ಒಂದು ಸಮಿತಿಯೇ ಇದೆ. ಅದು ಕೇಳುತ್ತಲೇ ಇರುತ್ತದೆ,” ಎಂದರು.

ಕನ್ನಡದಲ್ಲೇ ಮಾತಾಡುವುದೆಂದು ಮೊದಲೇ ತಿಳಿಸಿದ್ದೆ. ಅನುವಾದ ಮಾಡುವ ಮಹಿಳೆ ನನ್ನನ್ನು ಹುಡುಕಿಕೊಂಡು ಬಂದು, “ಮೇಡಂ, ನಿಮ್ಮ ಕಡೆ ‘ಹೇರು’ ಎಂದರೆ ಟ್ರೇಲರೋ, ಅದರ ಮೇಲಿನ ಕಬ್ಬೋ?” ಎಂದು ಕೇಳಿದರು. ಅವರು ಮೈಸೂರು ಕಡೆಯವರು. “ನನ್ನ ಇಡೀ ಮಾತು ನಿಂತಿರುವುದೇ ಆ ವ್ಯತ್ಯಾಸದ ಮೇಲೆ,” ಎಂದು ಬಿಡಿಸಿ ಹೇಳಿದೆ.

ಮಾತಾಡಿದೆ. ಬೈಕಿನ ಹಿಂದೆ ಕೂತು ಕಂಡದ್ದನ್ನು ಹೇಳಿದೆ. ನಿಯಮ ಟ್ರೇಲರನ್ನು ಬೆಳಗುತ್ತದೆ, ಜನ ಹೇರಿಗೆ ಬಡಿದು ಸಾಯುತ್ತಾರೆ ಎಂದೆ. ಮಾಹಿತಿ ಇಲ್ಲವೆಂಬ ಕಾರಣಕ್ಕೆ ಸಾವುಗಳೂ ಇಲ್ಲವಾಗುವುದಿಲ್ಲ, ವರದಿಯಲ್ಲಿ ಅದಕ್ಕೊಂದು ಜಾಗ ಮಾಡಿ ಎಂದೆ. ಹಲಗೆಯ ವಿಷಯಕ್ಕೆ ಬರುವಷ್ಟರಲ್ಲಿ ಸಮಯ ಮುಗಿದ ಗಂಟೆ ಬಾರಿಸಿದರು. ಇನ್ನೊಂದು ವಾಕ್ಯ ಎಂದು ಕೇಳಿ ಅದನ್ನೂ ಹೇಳಿ ಕೂತೆ. ನನ್ನ ಬೆಂಚಿನ ಕಡೆಯಿಂದ ಮೇಜು ಕುಟ್ಟಿದವರು ಕಡಿಮೆ. ಎದುರಿನ ಸಾಲಿನಲ್ಲಿ ಆ ಹಿರಿಯರು ತಮ್ಮ ಸರದಿ ಬಂದಾಗ, “ಕರ್ನಾಟಕದ ಸದಸ್ಯೆ ಹೇಳಿದ್ದು ನಮ್ಮ ರಸ್ತೆಗಳದೂ ಕಥೆ,” ಎಂದು ಶುರುಮಾಡಿದರು.

ಮರುದಿನ ಮಂತ್ರಿಗಳ ಉತ್ತರ. ದೀರ್ಘವಾಗಿತ್ತು. ಸೇತುವೆ, ಸುರಂಗ, ಹೊಸ ಹೆದ್ದಾರಿ ಎಲ್ಲ ಬಂದವು. ನಮ್ಮ ವಿಷಯ ಬರಲಿಲ್ಲ. ಉತ್ತರ ಮುಗಿಯುತ್ತಿದ್ದಂತೆ ನಾನು ಎದ್ದು ನಿಂತು ಸ್ಪಷ್ಟೀಕರಣ ಕೇಳಿದೆ. ಪೀಠದಿಂದ ಕೂರಲು ಹೇಳಿದರು. ಕೂರಲಿಲ್ಲ. ಮತ್ತೆ ಹೇಳಿದರು. ಎದುರಿನ ಸಾಲಿನಿಂದ ಆ ಹಿರಿಯರೂ ಎದ್ದು ನಿಂತರು, ಅವರ ಪಕ್ಕದವರೂ. ಕೊನೆಗೆ ಒಂದೇ ಪ್ರಶ್ನೆಗೆ ಅವಕಾಶ ಸಿಕ್ಕಿತು.

“ಹೇರಿನ ಹಿಂದೆ ದೀಪ ಕಡ್ಡಾಯ ಮಾಡುವುದನ್ನು ಸಚಿವರು ಪರಿಶೀಲಿಸುತ್ತಾರೆಯೇ, ಇಲ್ಲವೇ?”

ಮಂತ್ರಿಗಳು ಅಧಿಕಾರಿಗಳ ಕಡೆ ಒಮ್ಮೆ ನೋಡಿದರು. “ಮಾನ್ಯ ಸದಸ್ಯೆಯ ಸಲಹೆಯನ್ನು ಖಂಡಿತ ಪರಿಶೀಲಿಸುತ್ತೇನೆ.”

ಆ ಹಿರಿಯರು ನನ್ನ ಕಡೆ ತಿರುಗಿ ತಲೆ ಆಡಿಸಿದರು. ಅಷ್ಟೇ.

ಅಲ್ಲಿಂದ ಮುಂದಿನದು ಸದ್ದಿಲ್ಲದ ಕೆಲಸ. ಸಚಿವಾಲಯ ಮೊದಲು ಕಾಲಾವಕಾಶ ಕೇಳಿತು, ಆಮೇಲೆ ಮಂತ್ರಿಗಳ ಮಾತನ್ನು ಭರವಸೆಯೆಂದು ಪರಿಗಣಿಸಬೇಡಿ ಎಂದು ಕೇಳಿತು. ಭರವಸೆಗಳ ಸಮಿತಿ ಒಪ್ಪಲಿಲ್ಲ. ಕಾರ್ಖಾನೆಯಲ್ಲಿ ಹಲಗೆ ಕಟ್ಟಿ ಓಡಿಸಿದ ಅನುಭವವನ್ನು ವ್ಯವಸ್ಥಾಪಕರು ಬರೆದು ಕೊಟ್ಟರು, ಬಿದ್ದದ್ದು ಕಳುವಾದದ್ದು ಸಹಿತ. ಮುಂದಿನ ಹಂಗಾಮಿಗೆ ಸ್ವಲ್ಪ ಮೊದಲು ಸಚಿವಾಲಯದ ತಂಡವೊಂದು ಗೋಕಾಕಕ್ಕೆ ಬಂತು. ನನಗೆ ಚಹಾ ಕುಡಿಸಿದ್ದ ಅಧಿಕಾರಿಯೇ ಅದರ ಮುಖ್ಯಸ್ಥರು. ಆ ಭೇಟಿಯ ನಂತರ ಕರಡು ನಿಯಮ ಹೊರಬಂದು ಆಕ್ಷೇಪಣೆಗಳಿಗಾಗಿ ತೆರೆದಿದೆ. ನಮ್ಮ ಸುತ್ತಿನ ಕೆಲವು ಕಾರ್ಖಾನೆಗಳು ಅದಕ್ಕೆ ಕಾಯದೆ ಹಲಗೆ ಕಟ್ಟಿಸಲು ಶುರುಮಾಡಿವೆ, ಕೆಲವು ಮಾಡಿಲ್ಲ.

ಆ ತಂಡದ ಮುಂದೆ ಗೋಕಾಕದಲ್ಲಿ ನಡೆದ ಸಭೆಯಲ್ಲಿ ಅಂಕಲಗಿಯ ಮಾಲೀಕ ಹಲಗೆ ಕಟ್ಟಿ ಬಿಚ್ಚಿ ತೋರಿಸಿದ. ಕಲ್ಲೋಳಿಯಲ್ಲಿ ‘ಈಗ ಬ್ಯಾಡ’ ಎಂದಿದ್ದ ಮುಖಂಡರು ಬಂದು ಮುಂದಿನ ಸಾಲಿನಲ್ಲಿ ಕೂತು, ಈ ಕೆಲಸ ತಮ್ಮೂರಿನದೆಂದು ಅಧಿಕಾರಿಗಳಿಗೆ ಹೆಮ್ಮೆಯಿಂದ ಹೇಳಿದರು. ನಾನು ಬೇಡವೆನ್ನಲಿಲ್ಲ. ಇನ್ನು ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಅಧಿಕಾರಿ ಕೇಳಿದಾಗ ಹಿಂದಿನ ಸಾಲಿನಲ್ಲಿ ಕುಲಗೋಡದ ಆಕೆ ಎದ್ದಳು. ಬಂದದ್ದು ನನಗೆ ಗೊತ್ತಿರಲಿಲ್ಲ. ಮುಂದೆ ಕರೆದು ಕುರ್ಚಿ ಹಾಕಿಸಿದೆ. ಅಧಿಕಾರಿಗೆ ಕನ್ನಡ ಬಾರದು, ಆಕೆಗೆ ಹಿಂದಿ ಬಾರದು. ನಡುವೆ ನಾನು ಕೂತೆ.

“ಈ ಅಕ್ಕಾರು ಮಾಡಿದ್ದನ್ನ ನಾ ಪೂರಾ ಒಪ್ಪಿಲ್ರಿ,” ಎಂದು ಆಕೆ ಶುರುಮಾಡಿದಳು. “ದೀಪ ಬೇಕ್ರಿ. ಆದ್ರ ದೀಪ ಇದ್ದೂ ಕಟ್ಟದಾವ್ನಿಗೆ ಏನ್ ಮಾಡ್ತೀರಿ? ಮುರದ ಗಾಡಿ ರಸ್ತಾದಾಗ ಬಿಟ್ಟು ಹೋದಾವ್ನಿಗೆ ಏನ್ ಮಾಡ್ತೀರಿ? ಅಕ್ಕಾರು ಅದನ್ನ ಬಿಟ್ಟು ಬಿಟ್ರು. ಮಂದಿಗೆ ಅಂಜಿದ್ರು.”

ಮುಖಂಡರು ನನ್ನ ಕಡೆ ನೋಡಿದರು. ನಾನು ಹಿಂದಿಯಲ್ಲಿ ಒಂದೊಂದೇ ವಾಕ್ಯ ಹೇಳಿದೆ. ಅಂಜಿದ್ರು ಎಂಬ ಮಾತಿಗೆ ಬಂದಾಗ ಅದನ್ನೂ ಹೇಳಿದೆ.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ಮೇಡಂ, ಇದನ್ನೂ ದಾಖಲಿಸಿಕೊಳ್ಳಲೇ? ನಿಮ್ಮ ಬೇಡಿಕೆಗೆ ಇದು ವಿರುದ್ಧವಾಗುತ್ತದೆ.”

“ಅವರ ಮಾತೆಂದೇ ದಾಖಲಿಸಿಕೊಳ್ಳಿ,” ಎಂದೆ.

ಆಕೆ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಿದ್ದಳು. “ನಾ ಅಂದಿದ್ದು ಪೂರಾ ಹೇಳಿದ್ರೇನ್ರಿ?”

“ಪೂರಾ ಹೇಳೀನವ್ವ.”

“ನೀವು ಅಂಜಿದ್ದೂ?”

“ಅದನ್ನೂ ಹೇಳೀನಿ.”

“ಹಂಗಾದ್ರ ಇನ್ನೊಂದು ಐತ್ರಿ,” ಎಂದು ಆಕೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. “ಅದನ್ನೂ ಹೇಳ್ರಿ.”